ಇಮೇಜ್ ರೀಸೈಜ್ ಆಯ್ತು, ಆದ್ರೂ ಡಿಸ್ಕ್ ಯಾಕೆ ಬೆಳೆದಿಲ್ಲ? ವಿಎಂ ಡಿಸ್ಕ್ ಹಿಗ್ಗಿಸುವ, ಕುಗ್ಗಿಸುವ ಕೆಲಸ ಪೂರ್ತಿಯಾಗಿ

ವಿಎಂ (ಒಂದು ಕಂಪ್ಯೂಟರ್ ಒಳಗೆ ಓಡುವ ವರ್ಚುವಲ್ ಕಂಪ್ಯೂಟರ್) ಒಳಗೆ ಜಾಗ ತುಂಬಿದೆ. ಹೋಸ್ಟ್‌ನಲ್ಲಿ (ವಿಎಂ ಓಡಿಸುವ ಅಸಲಿ ಯಂತ್ರದಲ್ಲಿ) ಇಮೇಜನ್ನು, ಅಂದರೆ ವಿಎಂಗೆ ಡಿಸ್ಕ್ ಆಗಿ ಕಾಣುವ ಫೈಲನ್ನು, ರೀಸೈಜ್ ಮಾಡಿದಿರಿ, ಕಮಾಂಡ್ ಕೂಡ ‘ಇಮೇಜ್ ರೀಸೈಜ್ಡ್’ ಅಂದಿತು. ವಿಎಂ ಮತ್ತೆ ಶುರು ಮಾಡಿ ಡಿಎಫ್ (ಡಿಸ್ಕ್ ಜಾಗ ತೋರಿಸುವ ಕಮಾಂಡ್) ಹೊಡೆದರೆ ಹಳೇ ಲೆಕ್ಕವೇ ಕಾಣಿಸುತ್ತಿದೆ. ಏನೂ ಕೆಟ್ಟಿಲ್ಲ, ಗಾಬರಿ ಬೇಡ. ನೀವು ಬದಲಿಸಿದ್ದು ಒಂದೇ ಒಂದು ಪದರವನ್ನು. ಅದರ ಮೇಲೆ ಪಾರ್ಟಿಷನ್ ಟೇಬಲ್ (ಡಿಸ್ಕನ್ನು ಭಾಗ ಮಾಡಿದ ಪಟ್ಟಿ) ಇದೆ, ಅದರ ಮೇಲೆ ಎಲ್‌ವಿಎಂ (ಡಿಸ್ಕ್ ಜಾಗವನ್ನು ಒಟ್ಟುಗೂಡಿಸಿ ಹಂಚುವ ಲಿನಕ್ಸ್ ವ್ಯವಸ್ಥೆ) ಇರಬಹುದು, ಎಲ್ಲದರ ಮೇಲೆ ಫೈಲ್‌ಸಿಸ್ಟಂ ಕೂತಿದೆ. ಕೆಳಗೆ ಜಾಗ ಜಾಸ್ತಿಯಾಯ್ತು ಅಂತ ಮೇಲಿನವರಿಗೆ ಯಾರೂ ಹೇಳಿಲ್ಲ, ನೀವೇ ಹೇಳಬೇಕು.

ಕ್ಲೌಡ್ ಇಮೇಜ್‌ಗಳು (ಮೊದಲೇ ಸಿದ್ಧಮಾಡಿ ಕೊಡುವ ಇಮೇಜ್‌ಗಳು) ಇದಕ್ಕೆ ಹೊರತು. ಅವುಗಳಲ್ಲಿ ಕ್ಲೌಡ್-ಇನಿಟ್ ಬೂಟ್ ಆಗುವಾಗ ಪಾರ್ಟಿಷನ್ನನ್ನೂ ಫೈಲ್‌ಸಿಸ್ಟಮ್ಮನ್ನೂ ತಾನೇ ಎಳೆದು ದೊಡ್ಡದು ಮಾಡುತ್ತದೆ. ಅದನ್ನು ನೋಡಿ ಅಭ್ಯಾಸವಾದವರು ಕೈಯಾರೆ ಇನ್‌ಸ್ಟಾಲ್ ಮಾಡಿದ ವಿಎಂ ಎದುರು ಬಂದಾಗ ತಲೆಕೆಡಿಸಿಕೊಳ್ಳುತ್ತಾರೆ.

ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಹೋಸ್ಟ್, ಕೆವಿಎಂ, ಕ್ಯೂಎಮು, ಲಿಬ್‌ವಿರ್ಟ್ (ವಿಎಂ ಓಡಿಸಲು, ನೋಡಿಕೊಳ್ಳಲು ಬಳಸುವ ಸಾಫ್ಟ್‌ವೇರ್‌ಗಳು) ಇರುವ ಸೆಟಪ್‌ಗೆ. ಕಮಾಂಡ್‌ಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಗೊತ್ತಲ್ವಾ, ಇಂಗ್ಲಿಷ್ ಅಕ್ಷರ, ಚಿಕ್ಕವು.

ಮೊದಲು ನೋಡಿ, ಆಮೇಲೆ ಕೈ ಹಾಕಿ

ಕ್ಯೂಎಮು-ಐಎಂಜಿ ಇನ್ಫೋ ಅಂತ ಕೊಟ್ಟು ಇಮೇಜ್ ಫೈಲಿನ ಹೆಸರು ಕೊಡಿ. ಎರಡು ಅಳತೆ ತೋರಿಸುತ್ತದೆ. ವರ್ಚುವಲ್ ಸೈಜ್ ಅಂದರೆ ವಿಎಂಗೆ ಕಾಣುವ ಡಿಸ್ಕಿನ ಗಾತ್ರ. ಡಿಸ್ಕ್ ಸೈಜ್ ಅಂದರೆ ಆ ಫೈಲ್ ಹೋಸ್ಟ್‌ನಲ್ಲಿ ನಿಜವಾಗಿ ತಿಂದಿರುವ ಜಾಗ. ‘ಇಮೇಜ್ ಚಿಕ್ಕದು ಮಾಡಬೇಕು’ ಅನ್ನುವವರಲ್ಲಿ ಬಹಳ ಮಂದಿಗೆ ಬೇಕಾಗಿರುವುದು ಎರಡನೆಯದು ಇಳಿಯುವುದು, ಆದರೆ ಅವರು ಹೋಗಿ ಮೊದಲನೆಯದರ ಮೇಲೆ ಕೈ ಹಾಕುತ್ತಾರೆ. ಎರಡೂ ಬೇರೆ ಬೇರೆ ಕೆಲಸ. ಇಳಿಸುವುದರ ಬಗ್ಗೆ ಕೊನೆಯಲ್ಲಿ ಬರುತ್ತೇನೆ.

ಅದೇ ಔಟ್‌ಪುಟ್‌ನಲ್ಲಿ ಫಾರ್ಮ್ಯಾಟ್ ರಾ (ಡಿಸ್ಕಿನ ಯಥಾವತ್ ಪ್ರತಿ) ಇದೆಯೋ ಕ್ಯೂಕೌ2 (ಬರೆದಂತೆ ಬೆಳೆಯುವ ಕ್ಯೂಎಮು ಫಾರ್ಮ್ಯಾಟ್) ಇದೆಯೋ, ಬ್ಯಾಕಿಂಗ್ ಫೈಲ್ (ಕೆಳಗಿರುವ ಮೂಲ ಇಮೇಜ್) ಇದೆಯೋ, ಸ್ನ್ಯಾಪ್‌ಶಾಟ್ (ಡಿಸ್ಕಿನ ಒಂದು ಕ್ಷಣದ ಸ್ಥಿತಿ) ಲಿಸ್ಟ್ ಇದೆಯೋ, ಈ ಮೂರನ್ನೂ ನೋಡಿಕೊಳ್ಳಿ.

ವಿಎಂ ಒಳಗೂ ಒಮ್ಮೆ ಎಲ್ಎಸ್‌ಬಿಎಲ್‌ಕೆ (ಡಿಸ್ಕ್, ಪಾರ್ಟಿಷನ್ ಪಟ್ಟಿ ಕೊಡುವ ಕಮಾಂಡ್) ಹೊಡೆಯಿರಿ. ಎಲ್‌ವಿಎಂ ಇದ್ದರೆ ವಿಜಿಎಸ್ (ವಾಲ್ಯೂಮ್ ಗ್ರೂಪ್, ಅಂದರೆ ಎಲ್‌ವಿಎಂನ ಒಟ್ಟು ಜಾಗ ತೋರಿಸುವ ಕಮಾಂಡ್) ಕೂಡ. ಇದು ಸುಮ್ನೆ ಹೇಳುತ್ತಿಲ್ಲ. ಉಬುಂಟು ಸರ್ವರ್ ಇನ್‌ಸ್ಟಾಲರ್ ಎಲ್‌ವಿಎಂ ಜೊತೆ ಹಾಕಿದರೆ ವಾಲ್ಯೂಮ್ ಗ್ರೂಪಿನ ಜಾಗವನ್ನೆಲ್ಲ ರೂಟ್‌ಗೆ ಕೊಡುವುದಿಲ್ಲ, ಮಧ್ಯಮ ಗಾತ್ರದ ಡಿಸ್ಕ್ ಆದರೆ ಹೆಚ್ಚುಕಡಿಮೆ ಅರ್ಧ ಕೊಟ್ಟು ಉಳಿದದ್ದನ್ನು ಖಾಲಿ ಬಿಡುತ್ತದೆ. ವಿಜಿಎಸ್‌ನ ವಿ-ಫ್ರೀ ಕಾಲಮ್ಮಿನಲ್ಲಿ ಜಾಗ ಕಂಡರೆ ನಿಮಗೆ ಇಮೇಜ್ ಮುಟ್ಟುವ ಕೆಲಸವೇ ಇಲ್ಲ, ನೇರವಾಗಿ ಎಲ್‌ವಿ-ಎಕ್ಸ್‌ಟೆಂಡ್‌ಗೆ ಹೋಗಿ (ಎಲ್‌ವಿ ಅಂದರೆ ಎಲ್‌ವಿಎಂ ಹಂಚಿಕೊಟ್ಟ ವಾಲ್ಯೂಮ್).

ಇನ್ನೊಂದು ಮಾತು, ಬ್ಯಾಕಪ್. ಹಿಗ್ಗಿಸುವಾಗ ಏನಾದರೂ ಕೆಡುವುದು ಅಪರೂಪ, ಆದರೆ ಪಾರ್ಟಿಷನ್ ಟೇಬಲ್ ತಿದ್ದುವ ಯಾವ ಕೆಲಸಕ್ಕೂ ಮೊದಲು ವಿಎಂ ಆಫ್ ಮಾಡಿ ಇಮೇಜಿನ ಒಂದು ಕಾಪಿ ಇಟ್ಟುಕೊಳ್ಳಿ. ಕಾಪಿ ಮಾಡುವಾಗ ಸಿಪಿ ಕಮಾಂಡಿಗೆ ಸ್ಪಾರ್ಸ್ ಆಪ್ಷನ್ ಆಲ್ವೇಸ್ ಅಂತ ಕೊಡಿ, ಸೊನ್ನೆ ತುಂಬಿದ ಜಾಗ ಕಾಪಿಯಲ್ಲಿ ಹೋಸ್ಟಿನ ಜಾಗ ತಿನ್ನುವುದಿಲ್ಲ.

ವಿಎಂ ಆಫ್ ಇರುವಾಗ ಇಮೇಜ್ ಹಿಗ್ಗಿಸುವುದು

ಕಮಾಂಡ್ ಸರಳ. ಕ್ಯೂಎಮು-ಐಎಂಜಿ ರೀಸೈಜ್, ಆಮೇಲೆ ಹೈಫನ್ ಎಫ್ ಹಾಕಿ ಫಾರ್ಮ್ಯಾಟ್ ಹೆಸರು, ಆಮೇಲೆ ಫೈಲ್ ಹೆಸರು, ಕೊನೆಗೆ +20ಜಿ. ಪ್ಲಸ್ ಇದ್ದರೆ ‘ಈಗಿರುವುದಕ್ಕೆ 20 ಜಿಬಿ ಸೇರಿಸು’ ಅಂತ. ಪ್ಲಸ್ ಇಲ್ಲದಿದ್ದರೆ ‘ಒಟ್ಟು 20 ಜಿಬಿ ಮಾಡು’ ಅಂತ. ಇಲ್ಲಿ ಜಿ ಅಂದರೆ 1024ರ ಲೆಕ್ಕ.

50 ಜಿಬಿ ಡಿಸ್ಕಿಗೆ ಪ್ಲಸ್ ಮರೆತು 20ಜಿ ಅಂದರೆ ಅದು ಕುಗ್ಗಿಸುವ ಆದೇಶವಾಗುತ್ತದೆ. ಪುಣ್ಯಕ್ಕೆ ಈ ಟೂಲ್ ಶ್ರಿಂಕ್ ಅನ್ನುವ ಆಪ್ಷನ್ ಬೇರೆಯಾಗಿ ಕೊಡದೆ ಕುಗ್ಗಿಸಲು ಒಪ್ಪುವುದಿಲ್ಲ. ಆದರೆ ರಾ ಇಮೇಜ್ ಮೇಲೆ ಟ್ರಂಕೇಟ್ ಕಮಾಂಡ್ ಬಳಸುವವರಿಗೆ ಈ ಕಾವಲು ಇಲ್ಲ, ಅದು ಏನೂ ಕೇಳದೆ ಫೈಲಿನ ಬಾಲ ಕತ್ತರಿಸಿಬಿಡುತ್ತದೆ. ಅದೇ ಟ್ರಂಕೇಟನ್ನು ಕ್ಯೂಕೌ2 ಫೈಲಿನ ಮೇಲೆ ಯಾವತ್ತೂ ಓಡಿಸಬೇಡಿ. ಹಿಗ್ಗಿಸಿದರೆ ಫೈಲಿನ ಕೊನೆಗೆ ಸುಮ್ನೆ ಒಂದಷ್ಟು ಸೊನ್ನೆ ಸೇರುತ್ತದೆ, ವಿಎಂಗೆ ಏನೂ ಸಿಗುವುದಿಲ್ಲ. ಕುಗ್ಗಿಸಿದರೆ ಒಳಗಿನ ಡೇಟಾ ಎಲ್ಲಿಂದ ಹೋಯಿತು ಅಂತಲೂ ಗೊತ್ತಾಗುವುದಿಲ್ಲ, ಯಾಕೆಂದರೆ ಕ್ಯೂಕೌ2 ಫೈಲಿನ ಕೊನೆಯ ಭಾಗ ಡಿಸ್ಕಿನ ಕೊನೆಯ ಭಾಗವೇ ಆಗಿರಬೇಕು ಅಂತಿಲ್ಲ.

ಹೈಫನ್ ಎಫ್ ಯಾಕೆ ಅಷ್ಟು ಮುಖ್ಯ ಅಂದರೂ ಇದೇ ಕಾರಣ. ಹೇಳದಿದ್ದರೆ ಟೂಲ್ ಫಾರ್ಮ್ಯಾಟನ್ನು ಊಹಿಸುತ್ತದೆ. ರಾ ಇಮೇಜ್ ಆದರೆ ಊಹಿಸಿದ್ದೇನೆ ಅಂತ ಎಚ್ಚರಿಕೆ ಕೊಟ್ಟು ಮೊದಲ ಬ್ಲಾಕ್ ಬರೆಯುವುದಕ್ಕೆ ಕಟ್ಟುಪಾಡು ಹಾಕುತ್ತದೆ. ನೀವೇ ಹೇಳಿಬಿಡುವುದು ಒಳ್ಳೆಯದು.

ಕ್ಯೂಕೌ2 ಹಿಗ್ಗಿಸುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, 20 ಜಿಬಿಯಿಂದ 100 ಜಿಬಿ ಆದರೂ ಫೈಲ್ ಸೈಜ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ಫೈಲಿನ ತಲೆಭಾಗದಲ್ಲಿ, 24ನೇ ಬೈಟಿನಿಂದ ಶುರುವಾಗಿ 8 ಬೈಟ್‌ಗಳಲ್ಲಿ ವರ್ಚುವಲ್ ಸೈಜ್ ಬರೆದಿರುತ್ತದೆ. ಅದರಾಚೆ ಎಲ್1 ಅನ್ನುವ ಟೇಬಲ್ ಇದೆ, ಅದರ ಪ್ರತಿ ನಮೂದು ಒಂದೊಂದು ಎಲ್2 ಟೇಬಲ್ ಎಲ್ಲಿದೆ ಅಂತ ಹೇಳುತ್ತದೆ. ಡಿಫಾಲ್ಟ್ ಕ್ಲಸ್ಟರ್ 64 ಕೆಬಿ. ಒಂದು ಎಲ್2 ಟೇಬಲ್ಲಿನಲ್ಲಿ 8192 ನಮೂದು ಹಿಡಿಯುತ್ತವೆ, ಪ್ರತಿಯೊಂದೂ ಒಂದು 64 ಕೆಬಿ ಕ್ಲಸ್ಟರ್ ತೋರಿಸುತ್ತದೆ, ಹಾಗಾಗಿ ಒಂದು ಎಲ್2 ಟೇಬಲ್ ಅಂದರೆ 512 ಎಂಬಿ ಡಿಸ್ಕ್. ಈಗ ಲೆಕ್ಕ ಹಾಕಿ: 20 ಜಿಬಿಗೆ ಎಲ್1ನಲ್ಲಿ 40 ನಮೂದು ಸಾಕು, 100 ಜಿಬಿಗೆ 200 ಬೇಕು. ರೀಸೈಜ್ ಮಾಡಿದ್ದು ಇಷ್ಟೇ. ಎಲ್1 ಟೇಬಲ್ ಉದ್ದ ಮಾಡಿತು, ತಲೆಭಾಗದ ಸಂಖ್ಯೆ ತಿದ್ದಿತು. ಹೊಸ ನಮೂದುಗಳೆಲ್ಲ ಖಾಲಿ, ವಿಎಂ ಅಲ್ಲಿ ಬರೆದಾಗ ಮಾತ್ರ ಫೈಲ್ ಬೆಳೆಯುತ್ತದೆ. ಜಾಗವನ್ನು ಈಗಲೇ ಕಾಯ್ದಿರಿಸಬೇಕು ಅಂದರೆ ಪ್ರಿಅಲೊಕೇಷನ್ ಆಪ್ಷನ್‌ಗೆ ಫಾಲಕ್ ಅಥವಾ ಫುಲ್ ಕೊಡಬಹುದು.

ಇಮೇಜ್ ಫೈಲ್ ಅಲ್ಲದೆ ಹೋಸ್ಟಿನ ಎಲ್‌ವಿ ಮೇಲೆ ವಿಎಂ ಓಡುತ್ತಿದ್ದರೆ ಹೋಸ್ಟ್‌ನಲ್ಲೇ ಎಲ್‌ವಿ-ಎಕ್ಸ್‌ಟೆಂಡ್. ಝಡ್‌ಎಫ್‌ಎಸ್ ಝಡ್‌ವಾಲ್ ಆದರೆ ವಾಲ್‌ಸೈಜ್ ಪ್ರಾಪರ್ಟಿ ಬದಲಿಸಿ. ಸೆಫ್ ಆದರೆ ಆರ್‌ಬಿಡಿ ರೀಸೈಜ್. ಇದರ ಮುಂದಿನ ಹಂತಗಳು ಎಲ್ಲಕ್ಕೂ ಒಂದೇ.

ಬ್ಯಾಕಿಂಗ್ ಫೈಲ್, ಸ್ನ್ಯಾಪ್‌ಶಾಟ್ ಇದ್ದರೆ

ಬ್ಯಾಕಿಂಗ್ ಫೈಲಿನ (ಬೇಸ್) ಮೇಲೆ ಓವರ್‌ಲೇ (ಬದಲಾವಣೆ ಮಾತ್ರ ಇರುವ ಇಮೇಜ್) ಇಟ್ಟಿದ್ದರೆ ಓವರ್‌ಲೇಯನ್ನು ಮಾತ್ರ ಹಿಗ್ಗಿಸಿ. ಬೇಸ್ ಮುಟ್ಟಬೇಡಿ, ಅದರ ಮೇಲೆ ಇನ್ನೆಷ್ಟು ವಿಎಂ ನಿಂತಿವೆಯೋ ಯಾರಿಗೆ ಗೊತ್ತು. ಬೇಸ್ 10 ಜಿಬಿ, ಓವರ್‌ಲೇ 40 ಜಿಬಿ ಇದ್ದರೂ ಏನೂ ತೊಂದರೆ ಇಲ್ಲ, 10 ಜಿಬಿ ಆಚೆ ಓದಿದರೆ ಸೊನ್ನೆ ಸಿಗುತ್ತದೆ. ಮುಂದೆ ಕಮಿಟ್ ಮಾಡಿದಾಗ (ಓವರ್‌ಲೇಯಲ್ಲಿರುವುದನ್ನು ಬೇಸ್‌ಗೆ ಬರೆದಾಗ) ಬೇಸ್ ಚಿಕ್ಕದಿದ್ದರೆ ಅದು ಓವರ್‌ಲೇ ಅಳತೆಗೆ ತಾನೇ ಬೆಳೆಯುತ್ತದೆ. ತಿರುಗಾಮುರುಗಾ ಆಗುವುದಿಲ್ಲ, ಓವರ್‌ಲೇ ಚಿಕ್ಕದಿದ್ದರೆ ಬೇಸ್ ಕುಗ್ಗುವುದಿಲ್ಲ.

ಇಮೇಜ್ ಒಳಗೇ ಇರುವ ಸ್ನ್ಯಾಪ್‌ಶಾಟ್ ಸ್ವಲ್ಪ ಕಿರಿಕಿರಿ. ಹಳೆಯ ಕ್ಯೂಎಮು ಸ್ನ್ಯಾಪ್‌ಶಾಟ್ ಇದ್ದರೆ ರೀಸೈಜ್ ಮಾಡುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿಬಿಡುತ್ತಿತ್ತು, 5.1 ಬಂದಮೇಲೆ ಕ್ಯೂಕೌ2 ವರ್ಷನ್ 3 ಇಮೇಜ್‌ಗಳಿಗೆ ಅದು ಸಡಿಲವಾಯಿತು. ಆದರೂ ನನ್ನ ಸಲಹೆ: ಬೇಡವಾದ ಸ್ನ್ಯಾಪ್‌ಶಾಟ್ ಮೊದಲು ತೆಗೆಯಿರಿ. ಬೇರೆ ಗಾತ್ರದ ಡಿಸ್ಕಿದ್ದಾಗ ತೆಗೆದ ಸ್ನ್ಯಾಪ್‌ಶಾಟ್‌ಗೆ ಹಿಂತಿರುಗಿದರೆ ಡಿಸ್ಕೂ ಆ ಹಳೇ ಗಾತ್ರಕ್ಕೆ ಹೋಗುತ್ತದೆ, ಆಮೇಲೆ ‘ಹಿಗ್ಗಿಸಿದ್ದೆನಲ್ಲಾ’ ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ವಿಎಂ ಓಡುತ್ತಿರುವಾಗಲೇ

ಓಡುತ್ತಿರುವ ವಿಎಂನ ಫೈಲಿಗೆ ಕ್ಯೂಎಮು-ಐಎಂಜಿ ತೋರಿಸಬೇಡಿ. 2.10ರಿಂದ ಇಮೇಜ್ ಲಾಕ್ ಇರುವುದರಿಂದ ‘ರೈಟ್ ಲಾಕ್ ಸಿಗಲಿಲ್ಲ’ ಅಂತ ಅದೇ ನಿಲ್ಲುತ್ತದೆ. ಆ ಲಾಕ್ ದಾಟುವ ದಾರಿ ಹುಡುಕಲು ಹೋಗಬೇಡಿ. ಇನ್ನೊಂದು ಕಡೆ ಮಾತ್ರ ಲಾಕ್ ನಿಮ್ಮನ್ನು ಕಾಯುವುದಿಲ್ಲ: ಮ್ಯಾನೇಜ್ಡ್ ಸೇವ್ ಮಾಡಿಟ್ಟ (ಮೆಮೊರಿಯನ್ನು ಫೈಲಿಗೆ ಉಳಿಸಿ ನಿಲ್ಲಿಸಿದ) ವಿಎಂ. ಅದು ಆಫ್ ಆದಂತೆ ಕಾಣುತ್ತದೆ, ಆದರೆ ಉಳಿಸಿಟ್ಟ ಮೆಮೊರಿಯಲ್ಲಿ ಹಳೇ ಡಿಸ್ಕಿನ ನೆನಪು ಹಾಗೇ ಇರುತ್ತದೆ. ವಿರ್ಶ್ (ಲಿಬ್‌ವಿರ್ಟ್‌ನ ಕಮಾಂಡ್) ಲಿಸ್ಟ್‌ಗೆ ಆಲ್ ಜೊತೆ ಮ್ಯಾನೇಜ್ಡ್-ಸೇವ್ ಆಪ್ಷನ್ ಕೊಟ್ಟು ನೋಡಿ, ಸೇವ್ಡ್ ಅಂತ ಬಂದರೆ ಮೊದಲು ಎಬ್ಬಿಸಿ ಸರಿಯಾಗಿ ಶಟ್‌ಡೌನ್ ಮಾಡಿ.

ಓಡುವಾಗ ಹಿಗ್ಗಿಸುವ ದಾರಿ ವಿರ್ಶ್ ಬ್ಲಾಕ್‌ರೀಸೈಜ್. ಮೊದಲು ವಿರ್ಶ್ ಡಾಂಬ್ಲಕ್‌ಲಿಸ್ಟ್ ಕೊಟ್ಟು ಯಾವ ಡಿಸ್ಕ್ ವಿಡಿಎ, ಯಾವುದು ವಿಡಿಬಿ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಬ್ಲಾಕ್‌ರೀಸೈಜ್, ವಿಎಂ ಹೆಸರು, ವಿಡಿಎ, 100ಜಿ. ಇಲ್ಲಿ ಪ್ಲಸ್ ನಡೆಯುವುದಿಲ್ಲ, ಒಟ್ಟು ಗಾತ್ರ ಕೊಡಬೇಕು.

ಈಗ ಇಡೀ ಬರಹದಲ್ಲಿ ಜಾಸ್ತಿ ಹುಷಾರಾಗಿರಬೇಕಾದ ಜಾಗ ಇದು. ಯೂನಿಟ್. ವಿರ್ಶ್‌ನಲ್ಲಿ ಅಕ್ಷರ ಹಾಕದೆ ಬರೀ 100 ಅಂದರೆ ಅದು 100 ಕೆಬಿ. ಕ್ಯೂಎಮು ಮಾನಿಟರ್‌ನ ಬ್ಲಾಕ್_ರೀಸೈಜ್‌ನಲ್ಲಿ ಬರೀ 100 ಅಂದರೆ 100 ಎಂಬಿ. ಕ್ಯೂಎಂಪಿ (ಬೇರೆ ಪ್ರೋಗ್ರಾಂಗಳು ಕ್ಯೂಎಮು ಜೊತೆ ಮಾತಾಡುವ ದಾರಿ) ಮೂಲಕ ಕಳಿಸಿದರೆ ಅದೇ 100 ಅಂದರೆ 100 ಬೈಟ್. ಒಂದೇ ಕೆಲಸಕ್ಕೆ ಮೂರು ಬಾಗಿಲು, ಮೂರರಲ್ಲೂ ಬೇರೆ ಅಳತೆ. ಕ್ಯೂಎಮು-ಐಎಂಜಿಯಲ್ಲಿದ್ದ ಶ್ರಿಂಕ್ ಕಾವಲು ಇಲ್ಲಿಲ್ಲ, ಚಿಕ್ಕ ಸಂಖ್ಯೆ ಕೊಟ್ಟರೆ ಓಡುತ್ತಿರುವ ಡಿಸ್ಕೇ ಕುಗ್ಗಿ ಡೇಟಾ ಮಣ್ಣುಪಾಲಾಗಬಹುದು. ಆದ್ದರಿಂದ ಅಕ್ಷರ ಹಾಕಿ, ಎಂಟರ್ ಒತ್ತುವ ಮೊದಲು ಸಾಲನ್ನು ಮತ್ತೊಮ್ಮೆ ಓದಿ. ಜಿ ಅಂದರೆ 1024ರ ಲೆಕ್ಕ, ಜಿಬಿ ಅಂತ ಎರಡಕ್ಷರ ಹಾಕಿದರೆ ವಿರ್ಶ್ 1000ದ ಲೆಕ್ಕ ಹಿಡಿಯುತ್ತದೆ, ಇದೂ ನೆನಪಿರಲಿ. 100ಜಿ ಇದ್ದ ಡಿಸ್ಕಿಗೆ 105ಜಿಬಿ ಕೊಟ್ಟರೆ ಸಂಖ್ಯೆ ದೊಡ್ಡದಾಗಿ ಕಂಡರೂ ಡಿಸ್ಕ್ ಚಿಕ್ಕದಾಗುತ್ತದೆ.

ಡಿಸ್ಕ್ ವರ್ಟಿಯೊ-ಬ್ಲಾಕ್ (ವಿಎಂಗಾಗಿಯೇ ಮಾಡಿದ ಡಿಸ್ಕ್ ಬಗೆ) ಆಗಿದ್ದರೆ ವಿಎಂ ಒಳಗಿನ ಲಿನಕ್ಸಿಗೆ ತಕ್ಷಣ ಸುದ್ದಿ ಮುಟ್ಟುತ್ತದೆ, ಡಿಮೆಸೇಜ್‌ನಲ್ಲಿ ಹೊಸ ಸೈಜ್ ಬಂದ ಸಾಲು ಕಾಣುತ್ತದೆ. ಸ್ಕಸಿ ಆದರೆ ಕೆಲವೊಮ್ಮೆ ಸಿಸ್ ಕೆಳಗಿನ ಡಿವೈಸ್‌ನ ರೀಸ್ಕ್ಯಾನ್ ಫೈಲಿಗೆ 1 ಬರೆದು ತಟ್ಟಿ ಎಬ್ಬಿಸಬೇಕು. ಐಡಿಇ, ಸಾಟಾ ಅನುಕರಣೆ ಆದರೆ ವಿಎಂ ಪೂರ್ತಿ ಆಫ್ ಮಾಡಿ ಆನ್ ಮಾಡುವುದೇ ಲೇಸು. ಹೋಸ್ಟಿನ ಎಲ್‌ವಿ ಆಗಿದ್ದರೆ ಮೊದಲು ಹೋಸ್ಟ್‌ನಲ್ಲಿ ಎಲ್‌ವಿ ಬೆಳೆಸಿ, ಆಮೇಲೆ ಅದೇ ಅಳತೆಗೆ ಬ್ಲಾಕ್‌ರೀಸೈಜ್ ಕೊಡಿ, ಆಗ ವಿಎಂಗೆ ತಿಳಿಯುತ್ತದೆ.

ಇನ್ನು ವಿಎಂ ಒಳಗೆ

ಹಿಗ್ಗಿಸುವಾಗ ಹೊರಗಿನಿಂದ ಒಳಕ್ಕೆ ಹೋಗಬೇಕು. ಇಮೇಜ್ ಆಯಿತು, ಮುಂದಿನದು ಪಾರ್ಟಿಷನ್.

ಜಿಪಿಟಿ (ಈಗಿನ ಬಗೆಯ ಪಾರ್ಟಿಷನ್ ಟೇಬಲ್) ತನ್ನದೇ ಒಂದು ನಕಲನ್ನು ಡಿಸ್ಕಿನ ಕಟ್ಟಕಡೆಯಲ್ಲಿ ಇಟ್ಟಿರುತ್ತದೆ. ಡಿಸ್ಕ್ ಬೆಳೆದಾಗ ಆ ನಕಲು ನಡುಮಧ್ಯೆ ಉಳಿದುಬಿಡುತ್ತದೆ, ಕರ್ನಲ್ ಅದರ ಬಗ್ಗೆ ಗೊಣಗುತ್ತದೆ. ಪಾರ್ಟೆಡ್ ತೆರೆದರೆ ‘ಎಲ್ಲ ಜಾಗ ಬಳಕೆಯಾಗುತ್ತಿಲ್ಲ, ಫಿಕ್ಸ್ ಮಾಡಲಾ’ ಅಂತ ಕೇಳುತ್ತದೆ, ಫಿಕ್ಸ್ ಅನ್ನಿ. ಎಸ್‌ಜಿಡಿಸ್ಕ್‌ಗೆ ಹೈಫನ್ ಇ ಕೊಟ್ಟರೂ ಅದೇ ಕೆಲಸ. ಹಳೇ ಎಂಬಿಆರ್ ಟೇಬಲ್ ಆದರೆ ಈ ಗೋಜಿಲ್ಲ, ಆದರೆ 512 ಬೈಟ್ ಸೆಕ್ಟರ್ ಲೆಕ್ಕದಲ್ಲಿ 2 ಟಿಬಿ ದಾಟಲು ಬರುವುದಿಲ್ಲ.

ನಾನು ಹೇಳುವುದು ಗ್ರೋಪಾರ್ಟ್ (ಪಾರ್ಟಿಷನ್ ಬೆಳೆಸುವ ಟೂಲ್) ಬಳಸಿ ಅಂತ. ಜಿಪಿಟಿ ನಕಲನ್ನೂ ಅದೇ ಸರಿಮಾಡುತ್ತದೆ. ಡಿಸ್ಕ್ ಹೆಸರು ಮತ್ತು ಪಾರ್ಟಿಷನ್ ಸಂಖ್ಯೆ ನಡುವೆ ಜಾಗ ಬಿಡಬೇಕು, ವಿಡಿಎ ಜಾಗ 2, ವಿಡಿಎ2 ಅಲ್ಲ. ಮೊದಲು ಡ್ರೈ-ರನ್ ಆಪ್ಷನ್ ಕೊಟ್ಟು ಏನು ಮಾಡುತ್ತೇನೆ ಅಂತ ಹೇಳಿಸಿಕೊಳ್ಳಿ. ಮಜಾ ಏನೆಂದರೆ ಡಿಸ್ಕ್ 100% ತುಂಬಿದ್ದರೆ ಗ್ರೋಪಾರ್ಟ್‌ಗೇ ಓಡಲು ಆಗುವುದಿಲ್ಲ, ಅದಕ್ಕೆ ಟೆಂಪ್ ಡೈರೆಕ್ಟರಿ ಮಾಡಿಕೊಳ್ಳಲು ಒಂದಿಷ್ಟು ಜಾಗ ಬೇಕು. ಆಗ 10 ಎಂಬಿಯ ಒಂದು ಟೆಂಪ್‌ಎಫ್‌ಎಸ್ಸನ್ನು ಟೆಂಪ್ ಮೇಲೆ ಮೌಂಟ್ ಮಾಡಿ ಓಡಿಸಿ, ಮುಗಿದ ಮೇಲೆ ಅನ್‌ಮೌಂಟ್ ಮಾಡಿ.

‘ನೋಚೇಂಜ್’ ಅಂತ ಬಂತಾ? ಹಾಗಾದರೆ ನಿಮ್ಮ ಪಾರ್ಟಿಷನ್ ಹಿಂದೆ (ಡಿಸ್ಕಿನ ಕೊನೆಯ ಕಡೆಗೆ) ಬೇರೆ ಯಾರೋ ಅಡ್ಡ ಕೂತಿರಬಹುದು. ಸಾಮಾನ್ಯವಾಗಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ). ಸ್ವಾಪ್-ಆಫ್ ಮಾಡಿ, ಆ ಪಾರ್ಟಿಷನ್ ಅಳಿಸಿ, ರೂಟ್ ಬೆಳೆಸಿ. ಸ್ವಾಪನ್ನು ಫೈಲ್ ಆಗಿ ಮಾಡಿಕೊಳ್ಳುವುದು ಉತ್ತಮ, ಮುಂದಿನ ಸಲ ಇದೇ ರಗಳೆ ಇರುವುದಿಲ್ಲ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿಯ ಫೈಲ್) ಹಳೇ ಸ್ವಾಪ್‌ನ ಸಾಲು ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ಬೂಟ್‌ನಲ್ಲಿ ಇಲ್ಲದ ಡಿಸ್ಕಿಗಾಗಿ ಕಾಯುತ್ತಾ ನಿಲ್ಲುತ್ತದೆ. ವಿಂಡೋಸ್ ವಿಎಂನಲ್ಲಿ ಸಿ ಡ್ರೈವ್ ಹಿಂದೆ ಹೀಗೇ ರಿಕವರಿ ಪಾರ್ಟಿಷನ್ ಕೂತಿರುತ್ತದೆ, ಎಕ್ಸ್‌ಟೆಂಡ್ ವಾಲ್ಯೂಮ್ ಮಂಕಾಗಿ ಕಾಣುವುದು ಅದಕ್ಕೇ. ರಿಏಜೆಂಟ್‌ಸಿ ಡಿಸೇಬಲ್ ಮಾಡಿ, ಡಿಸ್ಕ್‌ಪಾರ್ಟ್‌ನಿಂದ ಆ ಪಾರ್ಟಿಷನ್ ತೆಗೆದರೆ ದಾರಿ ಬಿಡುತ್ತದೆ.

ಎಲ್‌ವಿಎಂ ಇದ್ದರೆ ಪಿವಿ-ರೀಸೈಜ್ (ಪಿವಿ ಅಂದರೆ ಎಲ್‌ವಿಎಂಗೆ ಕೊಟ್ಟ ಪಾರ್ಟಿಷನ್) ಕೊಟ್ಟು ಆ ಪಾರ್ಟಿಷನ್ ತೋರಿಸಿ, ಆಮೇಲೆ ಎಲ್‌ವಿ-ಎಕ್ಸ್‌ಟೆಂಡ್‌ಗೆ ಸಣ್ಣ ಎಲ್ ಹಾಕಿ +100%ಫ್ರೀ ಕೊಡಿ. ಜೊತೆಗೆ ಸಣ್ಣ ಆರ್ ಹಾಕಿದರೆ ಫೈಲ್‌ಸಿಸ್ಟಂ ಕೂಡ ಒಂದೇ ಏಟಿಗೆ ಬೆಳೆಯುತ್ತದೆ, ಇಲ್ಲದಿದ್ದರೆ ಎಲ್‌ವಿ ಮಾತ್ರ.

ಫೈಲ್‌ಸಿಸ್ಟಂ ಹಂತ ಸುಲಭ. ಎಕ್ಸ್‌ಟಿ4 ಆದರೆ ರೀಸೈಜ್2ಎಫ್‌ಎಸ್‌ಗೆ ಡಿವೈಸ್ ಹೆಸರು. ಎಕ್ಸ್‌ಎಫ್‌ಎಸ್ ಆದರೆ ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್‌ಗೆ ಡಿವೈಸ್ ಅಲ್ಲ, ಮೌಂಟ್ ಪಾಯಿಂಟ್. ಬಿಟಿಆರ್‌ಎಫ್‌ಎಸ್ ಆದರೆ ಫೈಲ್‌ಸಿಸ್ಟಂ ರೀಸೈಜ್ ಮ್ಯಾಕ್ಸ್, ಮತ್ತೆ ಮೌಂಟ್ ಪಾಯಿಂಟ್. ಮೂರೂ ಮೌಂಟ್ ಆಗಿರುವಾಗಲೇ ನಡೆಯುತ್ತವೆ. ಈಗ ಡಿಎಫ್ ಹೊಡೆಯಿರಿ, ಹೊಸ ಲೆಕ್ಕ ಬಂದಿರುತ್ತದೆ.

ಇಷ್ಟೆಲ್ಲ ಯಾಕೆ ಅನ್ನುವವರಿಗೆ, ವಿಎಂ ಆಫ್ ಮಾಡಲು ಆಗುತ್ತದೆ ಅಂದರೆ, ವರ್ಟ್-ರೀಸೈಜ್ ಇದೆ. ದೊಡ್ಡ ಹೊಸ ಇಮೇಜ್ ಮಾಡಿ, ಎಕ್ಸ್‌ಪ್ಯಾಂಡ್ ಆಪ್ಷನ್‌ನಲ್ಲಿ ಬೆಳೆಯಬೇಕಾದ ಪಾರ್ಟಿಷನ್ ಹೆಸರು ಹೇಳಿ, ಹಳೇ ಇಮೇಜ್, ಹೊಸ ಇಮೇಜ್ ಎರಡೂ ಕೊಟ್ಟರೆ ಕಾಪಿ ಮಾಡುತ್ತಲೇ ಪಾರ್ಟಿಷನ್ ಮತ್ತು ಗೊತ್ತಿರುವ ಫೈಲ್‌ಸಿಸ್ಟಂ ಎರಡನ್ನೂ ಬೆಳೆಸುತ್ತದೆ. ಹಳೆಯದು ಹಾಗೇ ಉಳಿಯುವುದರಿಂದ ಬ್ಯಾಕಪ್ ತಾನಾಗಿ ಆಯಿತು.

ಕುಗ್ಗಿಸುವುದು

ನಿಜ ಹೇಳಬೇಕೆಂದರೆ, ಬೇಡ. ತೀರಾ ಬೇಕೇ ಬೇಕು ಅಂದರೆ ದಿಕ್ಕು ಉಲ್ಟಾ: ಒಳಗಿನಿಂದ ಹೊರಕ್ಕೆ. ಮೊದಲು ಫೈಲ್‌ಸಿಸ್ಟಂ, ಆಮೇಲೆ ಎಲ್‌ವಿ, ಪಿವಿ, ಪಾರ್ಟಿಷನ್, ಕಟ್ಟಕಡೆಗೆ ಇಮೇಜ್. ಎಕ್ಸ್‌ಟಿ4 ಅನ್‌ಮೌಂಟ್ ಆಗಿರಬೇಕು, ಇ2ಎಫ್‌ಎಸ್‌ಸಿಕೆ ಹೈಫನ್ ಎಫ್ ಓಡಿಸಿರಬೇಕು. ರೂಟ್ ಆಗಿದ್ದರೆ ಲೈವ್ ಐಎಸ್‌ಒದಿಂದ ಬೂಟ್ ಮಾಡಬೇಕು. ಎಕ್ಸ್‌ಎಫ್‌ಎಸ್ ಕುಗ್ಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ.

ಪ್ರತಿ ಹಂತದಲ್ಲೂ ಸ್ವಲ್ಪ ಸಡಿಲ ಬಿಡಿ. ಇಮೇಜ್ 30 ಜಿಬಿ ಆಗಬೇಕಿದ್ದರೆ ಫೈಲ್‌ಸಿಸ್ಟಂ 26ಕ್ಕೆ ಇಳಿಸಿ, ಪಾರ್ಟಿಷನ್ 28ಕ್ಕೆ, ಆಮೇಲೆ ಇಮೇಜನ್ನು ಶ್ರಿಂಕ್ ಆಪ್ಷನ್ ಕೊಟ್ಟು 30ಕ್ಕೆ. ಬಾಲ ಕತ್ತರಿಸಿದಾಗ ಜಿಪಿಟಿಯ ನಕಲೂ ಹೋಗಿರುತ್ತದೆ, ಎಸ್‌ಜಿಡಿಸ್ಕ್ ಹೈಫನ್ ಇ ಕೊಟ್ಟು ಹೊಸ ಕೊನೆಯಲ್ಲಿ ಕೂರಿಸಿ. ಎಲ್ಲ ಮುಗಿದ ಮೇಲೆ ಪಾರ್ಟಿಷನ್, ಫೈಲ್‌ಸಿಸ್ಟಂ ಎರಡನ್ನೂ ಮತ್ತೆ ಹಿಗ್ಗಿಸಿದರೆ ಬಿಟ್ಟ ಸಡಿಲ ತುಂಬಿಕೊಳ್ಳುತ್ತದೆ. ಇದಕ್ಕಿಂತ ಹೊಸ ಚಿಕ್ಕ ಡಿಸ್ಕ್ ಜೋಡಿಸಿ, ಆರ್‌ಸಿಂಕ್‌ನಲ್ಲಿ ಫೈಲ್ ಸಾಗಿಸಿ, ಬೂಟ್‌ಲೋಡರ್ ಹಾಕುವುದು ಎಷ್ಟೋ ನೆಮ್ಮದಿ.

ಹೋಸ್ಟ್‌ನಲ್ಲಿ ಜಾಗ ವಾಪಸ್ ಬೇಕು ಅಷ್ಟೇ ಆದರೆ ಕುಗ್ಗಿಸುವ ಪ್ರಶ್ನೆಯೇ ಇಲ್ಲ. ವಿಎಂ ಒಳಗೆ ಫೈಲ್ ಅಳಿಸಿದರೂ ಕ್ಯೂಕೌ2 ಅಷ್ಟೇ ದಪ್ಪ ಇರುವುದು ಯಾಕೆಂದರೆ ಅಳಿಸಿದ ಸುದ್ದಿ ಕೆಳಕ್ಕೆ ಬಂದಿಲ್ಲ. ಲಿಬ್‌ವಿರ್ಟ್ ಎಕ್ಸ್‌ಎಂಎಲ್‌ನಲ್ಲಿ ಆ ಡಿಸ್ಕಿನ ಡ್ರೈವರ್ ಸಾಲಿಗೆ ಡಿಸ್ಕಾರ್ಡ್ ಅನ್‌ಮ್ಯಾಪ್ ಸೇರಿಸಿ, ವಿಎಂ ಆಫ್ ಮಾಡಿ ಆನ್ ಮಾಡಿ, ಒಳಗೆ ಎಫ್‌ಎಸ್‌ಟ್ರಿಮ್ ಹೈಫನ್ ಎವಿ ಹೊಡೆಯಿರಿ. ಇನ್ಫೋದಲ್ಲಿ ಡಿಸ್ಕ್ ಸೈಜ್ ಇಳಿದಿರುತ್ತದೆ. ವರ್ಟಿಯೊ-ಬ್ಲಾಕ್‌ನಲ್ಲಿ ಇದು ನಡೆಯಲು ಕ್ಯೂಎಮು 4.0 ಮತ್ತು ವಿಎಂ ಒಳಗೆ ಲಿನಕ್ಸ್ 5.0 ಅಥವಾ ಅದಕ್ಕಿಂತ ಹೊಸದು ಬೇಕು. ಅದಕ್ಕಿಂತ ಹಳೆಯದಾದರೆ ವಿಎಂ ಆಫ್ ಮಾಡಿ ವರ್ಟ್-ಸ್ಪಾರ್ಸಿಫೈಗೆ ಇನ್-ಪ್ಲೇಸ್ ಕೊಡಿ.

ಹಿಗ್ಗಿಸಿದ ಮೇಲೆ ಒಂದು ಕಣ್ಣು ಹೋಸ್ಟಿನ ಮೇಲೂ ಇರಲಿ. ನೀವು ವಿಎಂಗಳಿಗೆ ಹಂಚಿದ ಜಾಗ ಹೋಸ್ಟಿನಲ್ಲಿ ಇರುವುದಕ್ಕಿಂತ ಜಾಸ್ತಿ ಆಗಿರಬಹುದು, ತುಂಬುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ತುಂಬಿದಾಗ ವಿಎಂ ಸಾಯುವುದಿಲ್ಲ, ಪಾಜ್ ಆಗಿ (ಇದ್ದಲ್ಲೇ ತಡೆದು) ನಿಲ್ಲುತ್ತದೆ, ಕ್ಯೂಎಮುವಿನ ಡಿಫಾಲ್ಟೇ ಹಾಗೆ. ವಿರ್ಶ್ ಡಾಂಬ್ಲಕ್‌ಎರರ್ ಕೇಳಿದರೆ ಯಾವ ಡಿಸ್ಕಿಗೆ ಜಾಗ ಸಿಗಲಿಲ್ಲ ಅಂತ ಹೇಳುತ್ತದೆ. ರೀಬೂಟ್, ಡಿಸ್ಟ್ರಾಯ್ ಏನೂ ಮಾಡಬೇಡಿ. ಹೋಸ್ಟ್‌ನಲ್ಲಿ ಒಂದಷ್ಟು ಜಾಗ ಬಿಡಿಸಿ ವಿರ್ಶ್ ರೆಸ್ಯೂಮ್ ಕೊಡಿ, ನಿಂತಿದ್ದ ರೈಟ್ ಮತ್ತೆ ಹೋಗುತ್ತದೆ, ವಿಎಂ ಮುಂದುವರಿಯುತ್ತದೆ.